ಬಚ್ಚಿಟ್ಟದ್ದಕ್ಕೆ ಹತ್ತಕ್ಕೆ ಐದು

ಹತ್ತಕ್ಕೆ ಐದು. ಅದೂ ನನಗೆ. ನೋಟ್‌ಬುಕ್ಕಿನ ಮೇಲೆ ನನ್ನ ಮಗಳು ಸಿಂಚನಾಳ ಹೆಸರಿರಬಹುದು, ಎಂಟನೇ ಕ್ಲಾಸಿನಲ್ಲಿ ಕೂರುವುದೂ ಅವಳೇ ಇರಬಹುದು. ಆದರೆ ಈಗಿನ ಕಾಲದಲ್ಲಿ ಹೋಂವರ್ಕ್ ಯಾರದು ಅಂತ ಮಹಾಲಕ್ಷ್ಮಿ ಲೇಔಟಿನ ಯಾವ ಅಪ್ಪನನ್ನು ಬೇಕಾದರೂ ಕೇಳಿ ನೋಡಿ.

'ಕ್ರಿಪ್ಟ್' ಎಂದು ಶುರುವಾಗುವ ಐದು ಇಂಗ್ಲಿಷ್ ಪದ, ಅವುಗಳ ಅರ್ಥ, ಒಂದೊಂದಕ್ಕೂ ಸ್ವಂತ ಮನೆಯಿಂದಲೇ ಒಂದು ಉದಾಹರಣೆ ಬರೆಯಬೇಕಿತ್ತು. ಭಾನುವಾರದ ಮಧ್ಯಾಹ್ನದ ನಿದ್ದೆಯನ್ನು ಸರಸ್ವತಿಗೆ ಅರ್ಪಿಸಿ ಡಿಕ್ಷನರಿ ಹಿಡಿದು ಕೂತೆ. ಮೂಲದಲ್ಲಿ ಅದು ಗ್ರೀಕರ ಮಾತಂತೆ, ಬಚ್ಚಿಟ್ಟದ್ದು ಎಂದರ್ಥ. ಕ್ರಿಪ್ಟ್ ಎಂದರೆ ನೆಲಮಾಳಿಗೆ. ಕ್ರಿಪ್ಟಿಕ್, ಒಗಟಿನಂಥ ಮಾತು. ಕ್ರಿಪ್ಟೋಗ್ರಾಮ್, ಗುಪ್ತ ಸಂದೇಶ. ಕ್ರಿಪ್ಟೋನಿಮ್, ಗುಟ್ಟಿನ ಹೆಸರು. ಕ್ರಿಪ್ಟೋಗ್ರಫಿ, ಗುಪ್ತಲಿಪಿಯ ವಿದ್ಯೆ. ಐದೂ ಬರೆಸಿ, "ಉದಾಹರಣೆ ನೀನೇ ಬರ್ಕೋ ಕಂದ, ಸ್ವಂತ ಬುದ್ಧಿ ಬೆಳೀಲಿ" ಎಂದು ಎದ್ದೆ. (ಕಾಫಿ ಆರುತ್ತಿತ್ತು.)

"ಹೋಗ್ಲಿ ಬಿಡ್ರೀ, ಐದು ಮಾರ್ಕ್ಸಿಗೆ ಯಾಕೆ ಜಗಳ" ಎಂದಳು ನನ್ನ ಧರ್ಮಪತ್ನಿ ಪುಟ್ಟಲಕ್ಷ್ಮಿ.

"ಮಾರ್ಕ್ಸ್ ಅಲ್ಲ ಕಣೇ, ಮರ್ಯಾದೆ ಪ್ರಶ್ನೆ."

ನಮ್ಮ ಮನೆಯಲ್ಲಿ ನನ್ನ ಮರ್ಯಾದೆ ನಿಂತಿರುವುದೇ ಏಕಾದಶಿಯ ಮೇಲೆ. ಮೂರು ವರ್ಷದ ಹಿಂದೆ ಕಟ್ಟಪ್ಪಣೆ ಹೊರಡಿಸಿದೆ: ಅಂದು ಒಲೆ ಹಚ್ಚುವಂತಿಲ್ಲ. ನನಗೆ ತುಳಸಿ ನೀರು, ಅವರಿಬ್ಬರಿಗೆ ಹಾಲು, ಬಾಳೆಹಣ್ಣು. ಮಿಕ್ಕ ದಿನ ಟೀವಿ ರಿಮೋಟೂ ಕೈಗೆ ಸಿಗದ ನಾನು ಅವತ್ತು ಮಾತ್ರ ಪೀಠಾಧಿಪತಿ. ಅಂಥವನಿಗೆ ಹತ್ತಕ್ಕೆ ಐದೇ? ಮಗಳು "ಬೇಡಪ್ಪ, ಪ್ಲೀಸ್" ಎನ್ನುತ್ತಿದ್ದರೂ, ಮಾರ್ಕ್ಸ್ ಬಿಟ್ಟು ಪುಸ್ತಕದಲ್ಲಿ ಬೇರೇನೂ ನೋಡದೆ, ಪೇರೆಂಟ್ಸ್ ಮೀಟಿಂಗಿಗೆ ಇಬ್ಬರನ್ನೂ ಹೊರಡಿಸಿದೆ.

ಇಂಗ್ಲಿಷ್ ಮೇಷ್ಟರಮ್ಮ ರಾಗಿಣಿ ಮಿಸ್ ಶಾಂತವಾಗಿ, "ಅರ್ಥ ಐದೂ ಸರಿ ಸಾರ್. ಉದಾಹರಣೆ ಐದೂ ತಪ್ಪು" ಎಂದರು.

"ಏನು ತಪ್ಪು? ಓದಿ ಮೇಡಂ."

"ಇಲ್ಲಿ ಬೇಡ ಸಾರ್. ಬೇರೆ ಪೇರೆಂಟ್ಸ್ ಇದಾರೆ."

"ನಮ್ಮನೇಲಿ ಮುಚ್ಚುಮರೆ ಏನೂ ಇಲ್ಲ. ಗಟ್ಟಿಯಾಗೇ ಓದಿ. ಎಲ್ರಿಗೂ ಅರ್ಥ ಆಗೋ ಹಾಗೆ ಕನ್ನಡದಲ್ಲೇ ಹೇಳಿ."

ಹಿಂದಿನ ಬೆಂಚಿನ ಮೂರು ಸಂಸಾರಗಳು ಮೊಬೈಲ್ ಕೆಳಗಿಟ್ಟವು.

"ಕ್ರಿಪ್ಟ್: ಏಕಾದಶಿ ದಿನ ನಮ್ಮಪ್ಪ ನಾಗರಬಾವಿಯ ಒಂದು ಹೋಟೆಲಿನ ನೆಲಮಾಳಿಗೆಯಲ್ಲಿ ನಿಂತು ಈರುಳ್ಳಿ ದೋಸೆ ತಿಂತಾರೆ. ಕ್ರಿಪ್ಟಿಕ್: ಬಾಯಿ ಯಾಕೆ ವಾಸನೆ ಅಂದ್ರೆ, 'ಉಪವಾಸದ ಪಿತ್ತ' ಅಂತಾರೆ. ಕ್ರಿಪ್ಟೋಗ್ರಾಮ್: ಆಫೀಸಿನ ಭೈರೇಶ್ ಅಂಕಲ್‌ಗೆ 'ಫೈಲ್ ನೋಡೋಣ ಬಾ' ಅಂತ ಮೆಸೇಜ್ ಹಾಕ್ತಾರೆ. ಕ್ರಿಪ್ಟೋನಿಮ್: ಫೈಲ್ ಅಂದ್ರೆ ದೋಸೆ."

(ಒಪ್ಪುತ್ತೇನೆ. ನೇಮ ಮಾಡಿದವನು ನಾನು. ಹೊಟ್ಟೆ ಮಾಡಿದವನು ಭಗವಂತ. ಜವಾಬ್ದಾರಿ ಇಬ್ಬರದೂ.)

ಮಿಸ್ ನಿಲ್ಲಿಸಲಿಲ್ಲ. "ಕ್ರಿಪ್ಟೋಗ್ರಫಿ: ಇದನ್ನೆಲ್ಲ ಅಮ್ಮ ಯಾವತ್ತೋ ಕಂಡುಹಿಡಿದಿದಾರೆ. ಅಪ್ಪ ಆ ಕಡೆ ಹೋದ ಮೇಲೆ ನಾನೂ ಅಮ್ಮನೂ ಎದುರುಮನೆ ಶಿವಕ್ಕನ ಅಡುಗೆಮನೇಲಿ ಬಿಸಿಬೇಳೆಬಾತ್ ಮಾಡ್ಕೊಂಡು ತಿಂತೀವಿ."

ಪುಸ್ತಕ ಮಡಿಸಿ ಹೇಳಿದರು: "ಮನೆಯವರಿಗೆಲ್ಲ ಗೊತ್ತಿರೋದು ಬಚ್ಚಿಟ್ಟದ್ದು ಹೇಗಾಗತ್ತೆ ಸಾರ್? ಅದಕ್ಕೇ ಕಟ್ ಮಾಡ್ದೆ."

ನನಗೆ ಅದು ಕೇಳಿಸಲೇ ಇಲ್ಲ. ನಾನು ಪುಟ್ಟಲಕ್ಷ್ಮಿಯ ಕಡೆ ತಿರುಗಿದ್ದೆ. ಹೊಟ್ಟೆ ಉರಿದುಹೋಗಿತ್ತು. "ಬಿಸಿಬೇಳೆಬಾತಾ? ಮೂರು ವರ್ಷದಿಂದ್ಲಾ? ನನಗೊಂದು ಮಾತು ಹೇಳ್ಲಿಲ್ವಲ್ಲೇ."

"ಉಪವಾಸ ಇರೋರಿಗೆ ಅಡುಗೆ ವಿಷ್ಯ ಎತ್ತಬಾರ್ದು ಅಂತ ಸುಮ್ನಿದ್ದೆ ಕಣ್ರೀ" ಎಂದಳು.

ರಾಗಿಣಿ ಮಿಸ್ ನನ್ನ ಮುಖವನ್ನೇ ನೋಡಿದರು.

"ಓ, ಬಾತಿನ ವಿಷ್ಯ ನಿಮಗೆ ಗೊತ್ತಿರ್ಲಿಲ್ವಾ ಸಾರ್? ಹಾಗಾದ್ರೆ ಇದೊಂದು ಉದಾಹರಣೆ ಸರಿ" ಎಂದು ಕೆಂಪು ಪೆನ್ನು ತೆಗೆದು, ಐದನ್ನು ಹೊಡೆದುಹಾಕಿ ಆರು ಮಾಡಿಕೊಟ್ಟರು.