ಹಡಗಿನಿಂದ ಯಲಹಂಕಕ್ಕೆ

ಹಡಗಿನಲ್ಲಿ ಕಪ್ತಾನನಾಗಿದ್ದಷ್ಟು ದಿನ ನನಗೆ ಎದುರು ಮಾತಾಡಿದವರಿಲ್ಲ. ಅದು ಬಿಟ್ಟು ವಿದ್ಯಾರಣ್ಯಪುರದಲ್ಲಿ ಮನೆ ಮಾಡಿದ ಮೇಲೆ ಎದುರು ಮಾತಾಡದವರು ಸಿಕ್ಕಿಲ್ಲ. ನಾನೂ ಸುಮ್ಮನಿರುವ ಪೈಕಿ ಅಲ್ಲ. ಹಾಗಾಗಿ ಇಂಥ ಜಟಾಪಟಿಗಳು ವಾರಕ್ಕೊಂದಾದರೂ ನಡೆಯುತ್ತಲೇ ಇರುತ್ತವೆ.

ಪಕ್ಕದ ಮನೆಯವರು

ಯಲಹಂಕದ ಆಚೆ ಹಡಗಿನ ಕೆಲಸ ಕಲಿಸುವ ಕಾಲೇಜಿಗೆ ಮೇಷ್ಟ್ರಾಗಿ ಸೇರಿದೆ. ಪಕ್ಕದ ಮನೆಯವರು ಜಾಲಹಳ್ಳಿಯ ಕಾರ್ಖಾನೆಯಿಂದ ನಿವೃತ್ತರಾದವರು. ಸುದ್ದಿ ಕೇಳಿ ಗೇಟಿಗೇ ಬಂದರು.

“ಯಲಹಂಕದಲ್ಲಿ ಹಡಗಿನ ಕಾಲೇಜಾ? ಎಲ್ಲಿ ಓಡಿಸ್ತೀರಿ, ಕೆರೇಲಾ?”

“ವಿಮಾನದವರೂ ನೆಲದ ಮೇಲೆ ಕೂತ್ಕೊಂಡೇ ಪಾಠ ಕಲಿಯೋದು ಕಣ್ರೀ.”

“ಅವರ ವಿಮಾನ ದಿನಾ ನಮ್ ತಲೆ ಮೇಲೇ ಹೋಗುತ್ತೆ. ನಿಮ್ಮ ಹಡಗು ಒಂದಿನ ಆದ್ರೂ ಈ ರಸ್ತೇಲಿ ಬಂದಿದ್ಯಾ?”

ಹೆಬ್ಬಾಳದ ಚುಕ್ಕಾಣಿ

ಹಡಗಿನಲ್ಲಿ ಕಪ್ತಾನ “ಎಡಕ್ಕೆ” ಅಂದರೆ, ಚುಕ್ಕಾಣಿ ಹಿಡಿದವನು “ಎಡಕ್ಕೆ” ಎಂದು ತಾನೂ ಹೇಳಬೇಕು. ಕೇಳಿಸಿದೆ ಅನ್ನುವುದಕ್ಕೆ ಅದೇ ಗ್ಯಾರಂಟಿ. ತರಗತಿಯಲ್ಲಿ ಇದನ್ನು ಕಲಿಸಿ ಕಲಿಸಿ ಅಭ್ಯಾಸವಾಗಿತ್ತು. ಹೆಬ್ಬಾಳದ ಹತ್ತಿರ ಆಟೋದವನಿಗೆ “ಎಡಕ್ಕೆ” ಅಂದೆ. ಆಸಾಮಿ ತುಟಿ ಬಿಚ್ಚಲಿಲ್ಲ. ಮತ್ತೆ ಅಂದೆ.

“ಕೇಳಿಸ್ತು ಸಾರ್, ನಾನೇನ್ ಕಿವುಡಾ?”

“ಹಾಗಾದ್ರೆ ನೀನೂ ಹೇಳಪ್ಪಾ!”

ಈ ಜಗಳದಲ್ಲಿ ಎಡದ ದಾರಿ ಹಿಂದೆ ಉಳಿಯಿತು. ಅವನು ತಣ್ಣಗೆ ಹೇಳಿದ: “ಯೂ ಟರ್ನ್ ಇನ್ನು ಮೂರು ಕಿಲೋಮೀಟರ್ ಆದ್ಮೇಲೆ. ಈಗ ನೀವ್ ಹೇಳಿ ಸಾರ್.”

ಹೇಳಿದೆ.

ಒಂದು ಸಹಿ

ಆಮೇಲೆ ಇಂಥ ಕಾಲೇಜುಗಳ ತಪಾಸಣೆಗೆ ಸರ್ಕಾರದವರು ನನ್ನನ್ನೇ ನೇಮಿಸಿದರು. ನಾನು ಸಹಿ ಹಾಕಿದರೆ ಮಾತ್ರ ಕಾಲೇಜು ನಡೆಯಬೇಕು. ಊರಾಚೆಯ ಒಂದು ಖಾಸಗಿ ಕಾಲೇಜಿಗೆ ಹೋದೆ. ಹಡಗು ಮುಳುಗುವಾಗ ಜನರನ್ನು ಇಳಿಸುವ ದೋಣಿಯನ್ನು ಅಭ್ಯಾಸಕ್ಕೆಂದು ಕೊಳದ ಮೇಲೆ ಎರಡಾಳೆತ್ತರಕ್ಕೆ ತೂಗುಹಾಕಿದ್ದರು. ಕೊಕ್ಕೆ ಎಷ್ಟು ತುಕ್ಕು ಹಿಡಿದಿತ್ತೆಂದರೆ ಉಗುರು ತಾಗಿಸಿದರೆ ಪುಡಿ ಉದುರುತ್ತಿತ್ತು. ಇಂಥದ್ದೇ ಕೊಕ್ಕೆ ಕಳಚಿ ನನ್ನ ಜೊತೆಗಾರನೊಬ್ಬ ದೋಣಿ ಸಮೇತ ಬಿದ್ದು ಸತ್ತದ್ದನ್ನು ಕಣ್ಣಾರೆ ಕಂಡವನು ನಾನು. ಓದುವ ಮಕ್ಕಳು ಈ ದೋಣಿಯಲ್ಲಿ ಕೂರಬೇಕಿತ್ತು. ಮೈಯೆಲ್ಲ ಉರಿದುಹೋಯಿತು. ಸಹಿ ಹಾಕಲ್ಲ ಅಂದೆ.

ಕಾಲೇಜಿನ ಅಧ್ಯಕ್ಷರು ಕಾಫಿ ತರಿಸಿದರು. ಕುಡಿದೆ, ಸಹಿ ಹಾಕಲಿಲ್ಲ. ಆಗ ಅವರ ದನಿ ಏರಿತು.

“ವರ್ಗ ಮಾಡಿಸ್ಬಿಡ್ತೀನಿ, ಗೊತ್ತಾ?”

“ಸಮುದ್ರ ಇರೋ ಊರಿಗೆ ಮಾಡ್ಸಿ ಸಾರ್, ಪುಣ್ಯ ಬರುತ್ತೆ.”

“ದೋಣಿ ಗಟ್ಟಿಯಾಗಿದೆ ಕಣ್ರೀ, ನಮ್ಮನ್ನ ನಂಬಿ!”

“ಸರಿ, ನಂಬಿದೆ. ನೀವು ಹತ್ತಿ ಕೂತ್ಕೊಳ್ಳಿ, ನಾನು ಇಳಿಸ್ತೀನಿ. ನೆಟ್ಟಗೆ ಇಳಿದ್ರೆ ಇಲ್ಲೇ ಸಹಿ.”

ಅಧ್ಯಕ್ಷರು ಕೊಕ್ಕೆ ನೋಡಿದರು, ದೋಣಿ ನೋಡಿದರು, ಎರಡು ಹೆಜ್ಜೆ ಹಿಂದೆ ಸರಿದರು.

“ನಂಗೆ ಈಜಕ್ಕೆ ಬರಲ್ಲ ಕಣ್ರೀ.”

ನಾನು ಫೈಲು ಮುಚ್ಚಿ ಕಂಕುಳಿಗೆ ಸಿಕ್ಕಿಸಿಕೊಂಡೆ.

“ಈಜೋದ್ಯಾಕೆ ಸಾರ್? ನಿಮ್ಮ ಕೊಳದಲ್ಲಿ ಒಂದ್ ಹನಿ ನೀರಿಲ್ವಲ್ಲ!”