ಓಟು ಹಾಕದ ಬೆರಳು

ಶಾಯಿ ಪೆನ್ನು ಹಿಡಿದವರು ಬರೆಯುವುದಕ್ಕಿಂತ ಕೈ ತೊಳೆಯುವುದರಲ್ಲೇ ಹೆಚ್ಚು ಹೊತ್ತು ಕಳೆಯುತ್ತಾರೆ ಎಂಬುದು ನನ್ನ ಅನುಭವ. ನನಗೆ ಅದರಿಂದ ಬೇಸರವೇನೂ ಇಲ್ಲ. ರಜೆಯ ಬೆಳಿಗ್ಗೆ ಕೊಲ್ಲಿ ನಾಡಿನ ಕರಾಮ ಬಡಾವಣೆಯ ನಮ್ಮ ಫ್ಲ್ಯಾಟಿನ ಕಿಟಕಿಯ ಬಳಿ ಕುಳಿತು, ಪೆನ್ನಿಗೆ ಶಾಯಿ ತುಂಬಿಸುತ್ತಾ, ಎದುರು ಕಟ್ಟಡದ ಏಸಿಗಳ ಮೇಲೆ ಪಾರಿವಾಳಗಳು ತೂಕಡಿಸುವುದನ್ನು ನೋಡಿ ಮೈಮರೆಯುವುದೇ ನನ್ನ ಪಾಲಿನ ಸ್ವರ್ಗ. ನಿಬ್ಬು ಒರೆಸುವ ಬಟ್ಟೆ ಪಕ್ಕದಲ್ಲೇ ಇರುತ್ತದೆ. ಆದರೆ ಕನಸು ಕಾಣುತ್ತಿರುವವನಿಗೆ ಎಡಗೈಯ ತೋರುಬೆರಳೇ ಹತ್ತಿರ.

ಇವತ್ತು ಹಾಗೆ ನೇರಳೆಯಾದ ಬೆರಳಿನೊಂದಿಗೇ ಕೊತ್ತಂಬರಿ ಸೊಪ್ಪು ತರಲು ಇಳಿದೆ. ಊರಿನಲ್ಲಿ ಆಗಷ್ಟೇ ಚುನಾವಣೆ ಮುಗಿದಿತ್ತೆಂಬುದು ತಲೆಗೆ ಹೊಳೆಯಲಿಲ್ಲ. ಅಂಗಡಿಯಲ್ಲಿ ಸಿಕ್ಕ ಪಕ್ಕದ ಕಟ್ಟಡದ ಸುಮತಿ ಅಕ್ಕ ಮೊದಲು ಬೆರಳು ನೋಡಿದರು, ಆಮೇಲೆ ಮುಖ.

"ಓಟು ಹಾಕ್ಲಿಕ್ಕೆ ಊರಿಗೆ ಹೋಗಿದ್ದದ್ದಾ ರಮೇಶಣ್ಣ? ಅದಕ್ಕೇ ಎರಡು ದಿನ ಕಾಣ್ಲಿಲ್ಲ. ನಮಗೊಂದು ಮಾತು ಹೇಳ್ಬಾರ್ದಿತ್ತಾ?"

ಊರಿಗೆ ಹೋಗುವವನು ಪರಿಚಯದವರಿಗೆಲ್ಲ ಮೊದಲೇ ತಿಳಿಸಿ, ಅವರ ಪೊಟ್ಟಣಗಳನ್ನು ಹೊತ್ತೊಯ್ದು, ಬರುವಾಗ ಅವರ ಮನೆಯ ಉಪ್ಪಿನಕಾಯಿ ಹೊತ್ತು ತರುವುದು ಇಲ್ಲಿನ ಧರ್ಮ. ಗುಟ್ಟಾಗಿ ಹೋಗಿ ಬಂದವನಿಗೆ ಕ್ಷಮೆಯಿಲ್ಲ.

"ಅಬುಧಾಬಿಗೆ ಆಫೀಸ್ ಕೆಲಸಕ್ಕೆ ಹೋದದ್ದು ಅಕ್ಕ. ಇದು ಪೆನ್ನಿನ ಶಾಯಿ" ಎಂದೆ.

"ಈ ಕಾಲದಲ್ಲಿ ಶಾಯಿ ಪೆನ್ನು ಯಾರು ಹಿಡೀತಾರೆ ಮಾರಾಯ್ರೇ? ಅಮ್ಮನ ಸೊಂಟನೋವಿಗೆ ಮುಲಾಮು ತೆಗೆದಿಟ್ಟು ಕಾಯ್ತಾ ಇದ್ದೇನೆ ನಾನು" ಎನ್ನುವಾಗ ಅವರ ಕಣ್ಣು ತುಂಬಿತು. ನನಗೆ ತೀರಾ ಸಂಕಟವಾಯಿತು. ಪರದೇಶದಲ್ಲಿ ನಮ್ಮನ್ನು ಹಬ್ಬದೂಟಕ್ಕೆ ಕರೆಯುವ ಮನೆ ಅದೊಂದೇ.

ಓಟಿನ ಶಾಯಿಯಾದರೆ ತೊಳೆದರೂ ಹೋಗದು. ಹೋದರೆ ನಾನು ನಿರಪರಾಧಿ. ಮನೆಗೆ ಓಡಿದೆ. ಸೋಪು, ಟೂತ್‌ಪೇಸ್ಟ್, ಕೊನೆಗೆ ಉಪ್ಪಿನಲ್ಲಿ ಅದ್ದಿದ ನಿಂಬೆ ಹೋಳು. "ಸಾರಿಗೂ ಒಂದು ನಿಂಬೆ ಇರ್ಲಿ" ಎಂದು ಹೆಂಡತಿ ಅಡುಗೆಮನೆಯಿಂದ ಕೂಗಿದಳು. ತಣ್ಣೀರಿನ ನಲ್ಲಿಯಲ್ಲೂ ಬಿಸಿನೀರೇ ಬರುವ ಬೇಸಗೆ. ಬೇಸಿನ್ನಿನಲ್ಲಿ ನೇರಳೆ ನೀರು ಮೆಲ್ಲಗೆ ಸುತ್ತಿ ಸುತ್ತಿ ಇಳಿಯುತ್ತಿತ್ತು. ಉಜ್ಜುವುದನ್ನು ಮರೆತು ಅದನ್ನೇ ನೋಡುತ್ತಾ ನಿಂತೆ. ಅದು ಸಮುದ್ರದಂತೆ ಕಂಡಿತು. ಆಚೆ ದಡದಲ್ಲಿ ಯಾರೋ ಸೊಂಟ ಹಿಡಿದುಕೊಂಡು ಅಂಗಳ ಗುಡಿಸುತ್ತಿದ್ದಂತೆಯೂ ಕಂಡಿತು.

ಉಗುರಿನಂಚಿನ ನೆರಳೊಂದನ್ನು ಬಿಟ್ಟು ಕಲೆಯೆಲ್ಲ ಹೋಯಿತು. ಸಂಜೆ ಅಕ್ಕನ ಮನೆಗೆ ಹೋಗಿ ಬೆರಳು ಮುಂದೆ ಚಾಚಿದೆ. ಅವರು ಅದನ್ನು ದೀಪದ ಕೆಳಗೆ ಹಿಡಿದು, ತಿರುಗಿಸಿ ನೋಡಿದರು.

"ಹೌದು, ಹೋಗಿದೆ" ಎಂದರು. ಆದರೆ ಮುಖದಲ್ಲಿ ಗೆಲುವೇ ಇಲ್ಲ. "ಸಿಟ್ಟಿನಲ್ಲಿ ಏನೋ ಹೇಳಿದೆ, ಬೇಜಾರು ಮಾಡ್ಬೇಡಿ. ಅಮ್ಮನನ್ನು ನೀವು ನೋಡಿರ್ಬಹುದು, ಹೇಗಿದ್ದಾರೆ ಅಂತ ಕೇಳುವ ಅಂತ ಮಧ್ಯಾಹ್ನದಿಂದ ಅಂದುಕೊಳ್ತಾ ಇದ್ದೆ. ಹಾಗಾದ್ರೆ ನೀವು ಹೋಗ್ಲೇ ಇಲ್ಲ."

ನಿರಪರಾಧಿಯಾದದ್ದಕ್ಕೆ ನನಗೆ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ.

"ಮುಂದಿನ ವಾರ ಹೋಗುವವನಿದ್ದೇನೆ ಅಕ್ಕ, ಏನಾದ್ರೂ ಕೊಡ್ಲಿಕ್ಕುಂಟಾ?" ಎಂದಿತು ನನ್ನ ಬಾಯಿ.

ನನ್ನ ಬಳಿ ಟಿಕೆಟ್ಟೂ ಇರಲಿಲ್ಲ, ರಜೆಯೂ ಇರಲಿಲ್ಲ. ಅಕ್ಕ ಆಗಲೇ ಕಪಾಟಿನ ಬಾಗಿಲು ತೆರೆದು, ಪೊಟ್ಟಣಗಳನ್ನು ಒಂದರ ಮೇಲೊಂದು ನನ್ನ ತೋಳಿಗೆ ಹೇರತೊಡಗಿದ್ದರು. ಅವನ್ನೆಲ್ಲ ಹೊತ್ತುಕೊಂಡು ಈಗ ನಮ್ಮ ಬಾಗಿಲ ಹೊರಗೆ ನಿಂತಿದ್ದೇನೆ. ಹೆಂಡತಿಗೆ ಇನ್ನೂ ವಿಷಯ ಗೊತ್ತಿಲ್ಲ.