ಪ್ರೀ ಅಂದರೆ ಮುಂಚೆ

ಕಲಿಸಿದ ಪಾಠವೇ ಮೇಷ್ಟರ ಕೊರಳಿಗೆ ಸುತ್ತಿಕೊಳ್ಳುವುದು ಹೊಸದೇನಲ್ಲ. ಕುವೆಂಪುನಗರದ ನಮ್ಮ ಮನೆಯ ವರಾಂಡದಲ್ಲಿ ಸಂಜೆ ಹೊತ್ತು ದೊಡ್ಡವರಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ನನಗಂತೂ ಇಂಥದ್ದು ಆಗುತ್ತಲೇ ಇರುತ್ತದೆ. ಈ ಸಲ ಸುತ್ತಿಕೊಂಡಿದ್ದು 'ಪ್ರೀ'.

೧. ಬರ್ತೀನಿ ಅಂದವರು

ರಕ್ತದ ರಿಪೋರ್ಟ್ ನೋಡಿದ ಡಾಕ್ಟರು, "ಪ್ರೀ-ಡಯಾಬಿಟಿಸ್ ಅಷ್ಟೇ, ಗಾಬರಿ ಬೇಡ. ಮೂರು ತಿಂಗಳು ಬಿಟ್ಟು ಮತ್ತೆ ನೋಡೋಣ" ಎಂದರು. ಬೇರೆಯವರಾಗಿದ್ದರೆ 'ಅಷ್ಟೇ' ಹಿಡಿದುಕೊಂಡು ಮನೆಗೆ ಬರುತ್ತಿದ್ದರು. ನಾನು 'ಪ್ರೀ' ಹಿಡಿದುಕೊಂಡು ಬಂದೆ. ನಮ್ಮಪ್ಪನ ಕಣ್ಣು ಹೋಗಿದ್ದು ಸಕ್ಕರೆ ಕಾಯಿಲೆಯಿಂದಲೇ. ನನಗೆ ನಿಜಕ್ಕೂ ಭಯವಾಗಿತ್ತು.

"ಪ್ರೀ ಅಂದ್ರೆ ಮುಂಚೆ ಅಂತ ಕಣೇ. ಅಂದ್ರೆ ಕಾಯಿಲೆ ಹೊರಟಿದೆ, ದಾರೀಲಿದೆ" ಎಂದೆ ಹೆಂಡತಿಗೆ.

ಅವಳು ಹುರುಳಿಕಾಯಿ ಮುರಿಯುತ್ತಲೇ, "ಬರ್ತೀನಿ ಅಂದೋರೆಲ್ಲ ಬಂದ್ಬುಡ್ತಾರಾ? ನಿಮ್ಮ ತಂಗಿ ಪ್ರತಿ ದಸರಾಕ್ಕೂ ಬರ್ತೀನಿ ಅಂತಾಳೆ" ಎಂದಳು.

೨. ಉದಾಹರಣೆ

ಆ ವಾರದ ಪಾಠವೂ ಹಾಳಾದ್ದು ಅದೇ. ಪದದ ತಲೆಗೆ ಪ್ರೀ ಅಂಟಿಕೊಂಡರೆ ಅರ್ಥ ಏನಾಗುತ್ತದೆ ಎಂದು ವಿವರಿಸಿ, ಉದಾಹರಣೆ ಕೇಳಿದೆ.

ಕಡಕೊಳದ ಕಾರ್ಖಾನೆಯ ಸೂಪರ್‌ವೈಸರ್, "ಪ್ರೀಪೇಯ್ಡ್. ಮೊದ್ಲು ದುಡ್ಡು, ಆಮೇಲೆ ಮಾತು" ಎಂದರು. ಯಾದವಗಿರಿಯಿಂದ ಸ್ಕೂಟರಿನಲ್ಲಿ ಬರುವ ಟೈಲರಮ್ಮ, "ಪ್ರೀ-ವೆಡ್ಡಿಂಗ್ ಶೂಟ್ ಸಾರ್. ಮದುವೆಗೆ ಮುಂಚೆ ನಗೋದು" ಎಂದರು. ಎಲ್ಲರೂ ನಕ್ಕರು. ನಾನೂ ಒಂದು ಗಳಿಗೆ ನನ್ನ ಚಿಂತೆ ಮರೆತೆ.

ಆಗ, ಯಾವತ್ತೂ ಬಾಯಿ ಬಿಡದ ಗೃಹಿಣಿಯೊಬ್ಬರು ಕೈಯೆತ್ತಿದರು. "ಪ್ರೀ-ಡಯಾಬಿಟಿಸ್ ಸಾರ್. ನಮ್ಮೆಜಮಾನ್ರಿಗೆ ಹೋದ್ವರ್ಷ ಇತ್ತು."

ನಾನು ಪಾಠ ಬಿಟ್ಟು ಕೇಳಿದೆ, "ಈಗ ಹೇಗಿದ್ದಾರಮ್ಮ?"

"ಈಗ ಪ್ರೀ ಇಲ್ಲ ಸಾರ್. ಬರೀ ಡಯಾಬಿಟಿಸ್."

೩. ಔಷಧಿ

ನನ್ನ ಮುಖ ನೋಡಿಯೇ ತರಗತಿಗೆಲ್ಲ ವಿಷಯ ತಿಳಿದುಹೋಯಿತು. ಮರುದಿನ ಸೂಪರ್‌ವೈಸರ್ ಒಂದು ಚೀಲ ಹಾಗಲಕಾಯಿ ತಂದು, "ದಿನಾ ತಿನ್ನಿ ಸಾರ್, ಕಾಯಿಲೆ ಅತ್ರಾನೇ ಸುಳಿಯಲ್ಲ" ಎಂದರು. ನನಗೆ ಎಷ್ಟೋ ಧೈರ್ಯ ಬಂತು. ಹೆಂಡತಿ ಅದನ್ನೆಲ್ಲ ಗೊಜ್ಜು ಮಾಡಿದಳು. ವಾರವಿಡೀ ಚಪ್ಪರಿಸಿಕೊಂಡು ತಿಂದೆ.

"ಒಂಚೂರೂ ಕಹಿ ಇಲ್ವಲ್ಲೇ?"

"ಹೇಗಿರುತ್ತೆ? ಅಚ್ಚುಬೆಲ್ಲ ಹಾಕಿಲ್ವಾ. ಔಷಧಿ ಗಂಟಲಲ್ಲಿ ಇಳೀಬೇಡ್ವಾ?"

೪. ಪರೀಕ್ಷೆ

ಮತ್ತೆ ರಕ್ತ ಕೊಡುವ ದಿನ ಬಂತು. ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂದಿದ್ದರು. ಕಾಫಿಯನ್ನೂ ಮುಟ್ಟದೆ ಹೊರಟೆ. ಅಷ್ಟು ದಿನ ನನ್ನನ್ನು ಗೇಲಿ ಮಾಡಿಕೊಂಡಿದ್ದ ಹೆಂಡತಿ ಬೆಳಗಾಗುವ ಮೊದಲೇ ದೇವರ ಮುಂದೆ ಕೂತಿದ್ದಳು. ನಮ್ಮ ಮನೆಯಲ್ಲಿ ಪರೀಕ್ಷೆಗೆ ಹೊರಟವರ ಅಂಗೈಗೆ ಮೊಸರು ಸಕ್ಕರೆ ಹಾಕದೆ ಹೊಸಿಲು ದಾಟಿಸುವುದಿಲ್ಲ. ಅವಳು ನನಗೂ ಹಾಕಿ, "ಒಳ್ಳೇದಾಗ್ಲಿ" ಎಂದಳು. ನಾನೂ ಚಿಕ್ಕಂದಿನ ಅಭ್ಯಾಸದಂತೆ ನೆಕ್ಕಿ, ಕೈ ಮುಗಿದು, ಅವಳನ್ನೂ ಕರೆದುಕೊಂಡು ಹೊರಟೆ.

ಲ್ಯಾಬಿನ ಹುಡುಗಿ ಸೂಜಿ ಹಿಡಿದು, "ಖಾಲಿ ಹೊಟ್ಟೆ ತಾನೇ ಸಾರ್?" ಎಂದಳು.

ಹೂಂ ಎನ್ನಲು ಹೋದೆ. ಬಾಯಲ್ಲಿ ಇನ್ನೂ ಸಿಹಿ ಇತ್ತು. "ಒಂದೇ ಚಮಚ ಮೊಸರು ಸಕ್ಕರೆ" ಎಂದೆ.

ಅವಳು ಸೂಜಿ ಕೆಳಗಿಟ್ಟಳು. "ಶುಗರ್ ಟೆಸ್ಟಿಗೆ ಬರೋವಾಗ ಸಕ್ಕರೆ ಯಾಕೆ ತಿಂದ್ರಿ ಸಾರ್?"

ನಾನು ಹೆಂಡತಿಯ ಮುಖ ನೋಡಿದೆ. ಅವಳ ಕಣ್ಣು ತುಂಬಿತ್ತು.

"ಸಕ್ಕರೆ ಕಮ್ಮಿ ಬರ್ಲಿ ಅಂತ ನಾನೇ ಕೊಟ್ಟೆ ಕಣಮ್ಮ" ಎಂದಳು.